ನಮ್ಮ ಅಂಗಡಿಯಲ್ಲಿ ‘ಆಗಂಗಿಲ್ಲ’ ಸಿಗೋದಿಲ್ಲ

ವಾರಕ್ಕೊಂದಾದರೂ ಇಂಥದ್ದು ನಡೆದೇ ನಡೆಯುತ್ತದೆ. ಬೆಳಿಗ್ಗೆ ಶಟರ್ ಎತ್ತಿ, ಊದುಬತ್ತಿ ಹಚ್ಚಿ, ಇವತ್ತಾದರೂ ಒಂದು ಸರಳವಾದ ಮೋಟರ್ ಬರಲಪ್ಪಾ ಅಂತ ಕೈ ಮುಗಿಯುತ್ತೇನೆ. ಮುಗಿದ ಕೈ ಬಿಡಿಸುವಷ್ಟರಲ್ಲಿ ಬಾಗಿಲಲ್ಲಿ ಟಂಟಂ ಆಟೋ ಬಂದು ನಿಂತಿರುತ್ತದೆ. ಅದರಲ್ಲಿ ಹತ್ತು ಹದಿನೈದು ವರ್ಷ ಬಟ್ಟೆ ಒಗೆದು ಸುಸ್ತಾದ ವಾಷಿಂಗ್ ಮಷಿನ್. ಅದರ ಮೋಟರಿಗೆ ಪುಲ್ಲಿ ಹಿಡಿದುಕೊಂಡಿರುತ್ತದೆ.

ಪುಲ್ಲಿ ಅಂದರೆ ಮೋಟರಿನ ಶಾಫ್ಟಿಗೆ ಸಿಕ್ಕಿಸಿದ ಸಣ್ಣ ಗಾಲಿ, ಅದರ ಮೇಲೆ ಬೆಲ್ಟ್ ಓಡುತ್ತದೆ. ಅದು ಹೊರಗೆ ಬಂದರಷ್ಟೇ ಒಳಗಿನ ಬೇರಿಂಗ್ ಬದಲಿಸಬಹುದು. ಆದರೆ ನಮ್ಮ ಊರಿನ ಬೋರಿನ ಸವಳು ನೀರು ಒಂದು ಹನಿ ಸೋರಿದರೆ ಸಾಕು, ಪುಲ್ಲಿ ಮತ್ತು ಶಾಫ್ಟ್ ಬಿಡಿಸಲಾರದ ಗಂಡ ಹೆಂಡಿರಾಗಿ ಕೂತುಬಿಡುತ್ತವೆ.

ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿರುವ ಈ ಅಂಗಡಿ ನಮ್ಮಪ್ಪನದು. ಅವನು ಬಾವಿಯ ಪಂಪಿನ ಮೋಟರುಗಳಿಗೆ ತಂತಿ ಸುತ್ತುತ್ತಿದ್ದ. ನಾನು ಸಾಲಿ ಬಿಟ್ಟ ಮೇಲೆ ಸಂಜೆ ಅವನ ಜೊತೆ ಕೂತು ಸುತ್ತುವುದನ್ನು ಕಲಿತೆ. ನಮ್ಮಣ್ಣ ಕಲಿಯಲಿಲ್ಲ, ಕೈ ಹೊಲಸಾಗುತ್ತದೆ ಅಂತ. ಅವನು ಎದುರಿಗೇ ಗಾಜಿನ ಬಾಗಿಲಿನ ಅಂಗಡಿ ಇಟ್ಟು ಹೊಸ ವಾಷಿಂಗ್ ಮಷಿನ್ ಮಾರುತ್ತಾನೆ. ಅಪ್ಪ ಹೋದ ಮೇಲೆ ಅವನಿಗೆ ನನ್ನ ಅಂಗಡಿಯ ಮೇಲೆ ಕಣ್ಣು ಬಿತ್ತು. ಗೋಡೌನ್ ಮಾಡಬೇಕಂತೆ. ನಾನು ಜಗಳಕ್ಕೆ ನಿಂತೆ. ಕಡೆಗೆ ನಮ್ಮ ಕಾಕಾ ನಡುವೆ ಬಂದ. ಸಿಟ್ಟಿನ ಭರದಲ್ಲಿ ಅವನ ಮುಂದೆ ನಾನೇ ಬಾಯಿಬಿಟ್ಟು ಹೇಳಿಬಿಟ್ಟೆ, “ದೀಪಾವಳಿ ಪಾಡ್ಯದ ತನಕ ಈ ಬಾಗಲಿಗೆ ಬಂದ ಒಂದ ಮಷಿನ್ ‘ಆಗಂಗಿಲ್ಲ’ ಅನ್ನಿಸ್ಕೊಂಡು ತಿರುಗಿ ಹೋದ್ರ, ಕೀಲಿ ಇವನ ಕೈಯಾಗ ಇಡ್ತೀನಿ. ಹೋಗಲಿಲ್ಲಂದ್ರ ಇವ ಮತ್ತ ಗೋಡೌನಿನ ಹೆಸರ ಎತ್ತಬಾರದು.”

ಅಣ್ಣ ಅವತ್ತೇ ಅಳತೆ ಟೇಪು ತಂದು ನನ್ನ ಗೋಡೆ ಅಳೆದ. ಇನ್ನು ಆ ವರ್ಷದ ಕಥೆ ಕೇಳಿ.

೧. ಮೆಕ್ಯಾನಿಕ್ ಬರಲಿ

ಜಲನಗರದಿಂದ ಒಬ್ಬ ಆಫೀಸಿನ ಸಾಹೇಬರು ಬಂದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಮಷಿನ್ ಇಳಿಸಿ, ನನ್ನನ್ನು ನೋಡಿ, ನನ್ನ ಹಿಂದೆ ನೋಡಿ, ಮೇಜಿನ ಕೆಳಗೂ ಒಮ್ಮೆ ಬಗ್ಗಿ ನೋಡಿದರು.

“ಮೆಕ್ಯಾನಿಕ್ ಇಲ್ಲೇನ್ರಿ?”

“ಅದಾರ್ರಿ. ಕುಂಡ್ರಿ.”

ಕೂತರು. ಚಹಾ ತರಿಸಿಕೊಟ್ಟೆ. ಅವರು ಚಹಾ ಕುಡಿಯುತ್ತ ನನಗೆ ರೋಗದ ಲಕ್ಷಣ ಹೇಳತೊಡಗಿದರು, “ಅವ್ರು ಬಂದ್ರ ಹೇಳ್ರಿ, ಗುಂಯ್ ಅಂತದ, ತಿರುಗಂಗಿಲ್ಲ. ಮರೀಬ್ಯಾಡ್ರಿ ಮತ್ತ. ನಿಮಗ ತಿಳೀಲಿಲ್ಲಂದ್ರ ಬರ್ದು ಕೊಡ್ತೀನಿ.”

ನಾನು ಕೇಳುತ್ತಲೇ ಮೋಟರ್ ಬಿಚ್ಚಿದೆ. ಪುಲ್ಲಿ ಹಿಡಿದಿತ್ತು. ಎಣ್ಣೆ ಬಿಟ್ಟೆ, ಪುಲ್ಲಿ ಎಳೆದು ತೆಗೆಯುವ ಮೂರು ಕಾಲಿನ ಪುಲ್ಲರ್ ಕಚ್ಚಿಸಿದೆ, ಪಾನಾ ತಿರುವಿದೆ. ‘ಟಕ್’ ಅಂತ ಬಂತು. ಬೇರಿಂಗ್ ಬದಲಿಸಿ, ಪುಲ್ಲಿ ಕೂಡಿಸಿ, ಅವರ ಕಣ್ಣ ಮುಂದೆಯೇ ಮಷಿನ್ ಓಡಿಸಿ ತೋರಿಸಿದೆ. ಸಾಹೇಬರು ಎದ್ದು ನಿಂತು ಕೇಳಿಸಿಕೊಂಡರು, ತಲೆಯಾಡಿಸಿದರು, ಮತ್ತೆ ಕೂತರು.

“ಯಾಕ್ರಿ? ಆತಲ್ರಿ,” ಅಂದೆ.

“ಭಾಳ ಚಲೋ ಆತ್ರಿ ಅಕ್ಕಾರ. ಆದ್ರೂ ಮೆಕ್ಯಾನಿಕ್ ಬಂದು ಒಮ್ಮೆ ನೋಡ್ಲಿ. ನಾ ಕುಂದರ್ತೀನಿ, ಅವಸರಿಲ್ಲ.”

ನನಗೆ ಮೈಯೆಲ್ಲ ಉರಿಯಿತು. ಎದ್ದು ಒಳಗೆ ಹೋದೆ. ಕೈ ತೊಳೆದೆ, ಕನ್ನಡಕ ಹಾಕಿಕೊಂಡೆ, ಗೂಟಕ್ಕೆ ನೇತುಹಾಕಿದ್ದ ಅಪ್ಪನ ಖಾಕಿ ಅಂಗಿ ಸೀರೆಯ ಮೇಲೆ ತೊಟ್ಟು ಹೊರಗೆ ಬಂದೆ.

“ನಮಸ್ಕಾರ್ರಿ. ಬಂದೀನಿ. ಏನಾಗೇದ ಮಷಿನ್‌ಗೆ?”

ಸಾಹೇಬರು ಗಡಬಡಿಸಿ ಎದ್ದು ನಿಂತು ಕೈ ಮುಗಿದರು. “ಏನಿಲ್ರಿ. ನಿಮ್ಮ ಅಕ್ಕಾರ ಎಲ್ಲಾ ರಿಪೇರಿ ಮಾಡ್ಯಾರ್ರಿ!”

೨. ಟಿಕೋಟಾದ ಇರುವೆಗಳು

ಟಿಕೋಟಾದ ಗಂಡ ಹೆಂಡತಿ ಮಷಿನ್ ತಂದರು. ದ್ರಾಕ್ಷಿ ತೋಟದವರು. ಬಟ್ಟೆ ಹಿಂಡುವ ಕಡೆಯ ಶಾಫ್ಟ್ ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ಎರಡೂ ಕೈ ಹಾಕಿದರೂ ಅಲುಗಲಿಲ್ಲ.

ಅಣ್ಣ ತನ್ನ ಗಾಜಿನ ಬಾಗಿಲು ತೆರೆದು ಅಲ್ಲಿಂದಲೇ ಕೂಗಿದ, “ಅದ ಸತ್ತೈತ್ರಿ! ಈ ಕಡೆ ಬರ್ರಿ, ಹೊಸಾದ ತೋರಿಸ್ತೀನಿ!”

“ಇನ್ನೂ ನಾಡಿ ಹಿಡದು ನೋಡಿಲ್ಲ. ಅಷ್ಟರಾಗ ಬಾಯಿಗೆ ನೀರ ಬಿಡಬ್ಯಾಡ ನೀ!” ಅಂತ ನಾನೂ ಕೂಗಿದೆ.

ಎಣ್ಣೆ ಬಿಟ್ಟೆ. ಚಿಮಣಿ ಎಣ್ಣೆ ಬಿಟ್ಟೆ. ಪುಲ್ಲರ್ ಹಾಕಿದೆ. ಜಪ್ಪಯ್ಯ ಅನ್ನಲಿಲ್ಲ. ಮೂರು ತಾಸು ಕಳೆದವು. ಅಣ್ಣ ಎರಡು ಸಲ ಬಂದು ಗೋಡೆಯ ಕಡೆ ನೋಡಿ ಹೋದ. ನಿಜ ಹೇಳುತ್ತೇನೆ, ಅವತ್ತು ಕೀಲಿ ಸೊಂಟದಲ್ಲಿದೆಯೋ ಇಲ್ಲವೋ ಅಂತ ಮುಟ್ಟಿ ಮುಟ್ಟಿ ನೋಡಿಕೊಂಡೆ.

ಆಗ ಮಷಿನಿನ ಬುಡದಿಂದ ಇರುವೆಗಳ ಸಾಲು ಹೊರಟಿದ್ದು ಕಂಡಿತು. ಕರಿ ಇರುವೆ, ನಮ್ಮ ಅಂಗಡಿಯವಲ್ಲ, ಟಿಕೋಟಾದಿಂದಲೇ ಟಂಟಂ ಹತ್ತಿ ಬಂದವು. ಶಾಫ್ಟಿಗೆ ಅಂಟಿದ್ದ ಕರಿಯ ಮೇಣದಂಥದ್ದನ್ನು ಉಗುರಿನಿಂದ ಕೆರೆದೆ. ಮೂಸಿದೆ. ಬೆಲ್ಲದ ಪಾಕದ ವಾಸನೆ.

“ಇದರಾಗ ಏನ ಒಗದೀರ್ರಿ?”

“ಅರಿವೀರಿ,” ಅಂದ ಗಂಡ, ಆಕಾಶ ನೋಡುತ್ತ.

“ನಿಮ್ಮ ಅರಿವಿ ಭಾಳ ಸಿಹಿ ಅದಾವ ಬಿಡ್ರಿ.”

ಹೆಂಡತಿಗೆ ತಡೆಯಲಾಗಲಿಲ್ಲ. “ಹೇಳ್ರಿ ಖರೇನ! ಒಣದ್ರಾಕ್ಷಿ ತೊಳದಾರ್ರಿ ಅಕ್ಕಾ! ಧೂಳ ಹೋಗ್ಲಿ ಅಂತ ಹಾಕಿ ಗರಗರ ತಿರುವ್ಯಾರ. ನಾ ಬ್ಯಾಡಬ್ಯಾಡ ಅಂದ್ರೂ ಕೇಳಲಿಲ್ಲ.”

“ಸಾಬಾಣ ಹಾಕಿಲ್ರಿ, ಆಣಿ ಮಾಡ್ತೀನಿ,” ಅಂದ ಗಂಡ.

ತುಕ್ಕಾಗಿದ್ದರೆ ಎಣ್ಣೆ ಬೇಕು, ಪಾಕಕ್ಕೆ ಎಣ್ಣೆ ಏನು ಮಾಡುತ್ತದೆ? ಪಕ್ಕದ ಚಹಾದಂಗಡಿಯಿಂದ ಕುದಿಯುವ ನೀರಿನ ಕಿಟಲಿ ತರಿಸಿ ಸುರಿದೆ. ಎರಡನೆಯ ಕಿಟಲಿಗೆ ಶಾಫ್ಟ್ ಬೆಣ್ಣೆಯ ಹಾಗೆ ಜಾರಿ ಬಂತು. ಹಿಂದೆಯೇ ಬುಡದಿಂದ ಕರಿಯ ನೀರು ಇಳಿಯಿತು. ಅದರಲ್ಲಿ ಹಳೆಯ ಗುಂಡಿ, ದಾರದ ಉಂಡೆ, ಒಂದು ಮಗುವಿನ ಕಾಲುಚೀಲ.

ಹೆಂಡತಿ ಖುಷಿಯಾಗಿ ಚೀಲದಿಂದ ಒಣದ್ರಾಕ್ಷಿಯ ಪೊಟ್ಟಣ ತೆಗೆದು ನನ್ನ ಮೇಜಿನ ಮೇಲಿಟ್ಟಳು. ಮಷಿನ್ ಇನ್ನೂ ಸತ್ತಿಲ್ಲವೇ ಅಂತ ನೋಡಲು ಬಂದಿದ್ದ ಅಣ್ಣ ಕೇಳದೇ ಕೈ ಹಾಕಿದ. ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡು, ಇನ್ನೊಂದು ಮುಷ್ಟಿ ತುಂಬಿಕೊಂಡ.

“ವಾ! ಒಂದ ಕಡ್ಡಿಲ್ಲ, ಒಂದ ಕಲ್ಲಿಲ್ಲ. ಎಷ್ಟ ಸ್ವಚ್ಛ ಅದಾವ್ರಿ! ಎಲ್ಲಿ ತೊಳಸ್ತೀರಿ?”

ಮೂವರೂ ಸೇರಿ ಅವನಿಗೆ ಮಷಿನ್ ತೋರಿಸಿದೆವು.

೩. ಮಷಿನ್ ಬಂತು, ಪುಲ್ಲಿ ಬರಲಿಲ್ಲ

ಇಟ್ಟಂಗಿಹಾಳದ ರೈತ ಒಬ್ಬ ಬಂದ. ಒಂದು ಕೈಯಲ್ಲಿ ಮೋಟರ್, ಇನ್ನೊಂದು ಕೈಯಲ್ಲಿ ಮಡಚಿದ ತಗಡು.

“ಇದೇನ್ರಿ ತಗಡ?”

“ಮಷಿನ್ರಿ.”

ಪುಲ್ಲಿ ಬಿಡಿಸಲು ಅವನು ಮನೆಯಲ್ಲೇ ಉಪಾಯ ಮಾಡಿದ್ದ. ಪುಲ್ಲಿಗೆ ಸರಪಳಿ ಹಾಕಿ ಬೇವಿನ ಮರಕ್ಕೆ ಕಟ್ಟಿದ್ದ, ಮಷಿನ್ನಿಗೆ ಹಗ್ಗ ಹಾಕಿ ಟ್ರ್ಯಾಕ್ಟರಿಗೆ ಕಟ್ಟಿದ್ದ. ತಮ್ಮನಿಗೆ ‘ಮೆಲ್ಲಕ ಎಳಿ’ ಅಂದಿದ್ದನಂತೆ. ತಮ್ಮ ಎಳೆದ. ಮೋಟರ್ ಪುಲ್ಲಿಯ ಸಮೇತ ಬೇವಿನ ಮರದಲ್ಲೇ ನೇತಾಡಿತು. ಉಳಿದ ಮಷಿನ್ ಟ್ರ್ಯಾಕ್ಟರಿನ ಹಿಂದೆ ಹೊಲದ ತನಕ ಹೋಗಿ, ತಿರುಗಿ ಬಂತು.

ಅಣ್ಣ ಓಡಿ ಹೋಗಿ ಕಾಕಾನನ್ನು ಕರೆತಂದ. “ನೋಡ ಕಾಕಾ, ಇದನ್ನ ಯಾವ ದೇವ್ರೂ ರಿಪೇರಿ ಮಾಡಂಗಿಲ್ಲ. ಕೀಲಿ ಕೊಡ ಅನ್ನು.”

“ಕೊಡೂದಿಲ್ಲ,” ಅಂದೆ. ಪುಲ್ಲಿಯನ್ನು ಗರಗಸದಿಂದ ಸೀಳಿ ತೆಗೆದು ಹೊಸದು ಹಾಕಿದೆ. ರೈತನಿಂದ ಒಂದು ನೀಲಿ ಪ್ಲಾಸ್ಟಿಕ್ ಬ್ಯಾರಲ್ ತರಿಸಿದೆ. ಅದರ ತಳಕ್ಕೆ ತೂತು ಕೊರೆದು, ಒಳಗೆ ಬಟ್ಟೆ ತಿರುಗಿಸುವ ಹಳೆಯ ಚಕ್ರ ಕೂಡಿಸಿ, ಕೆಳಗೆ ಕಬ್ಬಿಣದ ಕಾಲು ಹಾಕಿ ಮೋಟರ್ ಬಿಗಿದೆ. ಮೂರು ದಿನ ಹಿಡಿಯಿತು. ನಾಲ್ಕನೆಯ ದಿನ ಕಾಕಾನ ಎದುರಿಗೆ ಕಾಕಾನದೇ ಧೋತರ ಹಾಕಿ ತಿರುಗಿಸಿದೆ.

“ಇದ ಮಷಿನ್ ಅಲ್ಲ, ಬ್ಯಾರಲ್!” ಅಂತ ಅಣ್ಣ ಕೂಗಾಡಿದ.

ಕಾಕಾ ಧೋತರ ಹಿಂಡಿ, ಬಿಸಿಲಿಗೆ ಹಿಡಿದು ನೋಡಿದ. “ಲೇ ತಮ್ಮಾ, ನಿಮ್ಮ ಕಾಕೂ ಒಗದ್ರೂ ಇಷ್ಟ ಬೆಳ್ಳಗಾಗಿದ್ದಿಲ್ಲ. ಆದ್ರ ಇದನ್ನ ನೀ ಮನ್ಯಾಗ ಹೇಳಬ್ಯಾಡ.”

೪. ಬಬಲೇಶ್ವರದ ಆಯಿ

ದಸರೆಯ ಖಂಡೇ ಪೂಜೆ, ಅಂದರೆ ಆಯುಧ ಪೂಜೆ, ಮುಗಿದ ವಾರ ಬಬಲೇಶ್ವರದಿಂದ ಒಬ್ಬ ವಯಸ್ಸಾದ ಆಯಿ ಬಂದಳು. ಮಷಿನ್ ಜೊತೆ ಟಂಟಮ್ಮಿನ ಹಿಂದೆ, ಅದನ್ನು ತಬ್ಬಿಕೊಂಡೇ ಕೂತು ಬಂದಿದ್ದಳು. ಮಷಿನ್ನಿನ ಮೈತುಂಬ ವಿಭೂತಿ, ಕುಂಕುಮ, ಒಣಗಿದ ಚೆಂಡುಹೂವು. ಮೋಟರ್ ಬಿಚ್ಚಿದರೆ ಪುಲ್ಲಿಯ ಸುತ್ತ ಹಸಿರು ಬಿಳಿ ತುಕ್ಕು, ಅದರಲ್ಲಿ ತೆಂಗಿನ ನಾರು.

“ಆಯಿ, ಇದರ ಮ್ಯಾಲ ಕಾಯಿ ಒಡೀತೀರೇನ?”

“ಒಡೀಲಾರದ ಬಿಡ್ತೀವೇನವಾ? ಪ್ರತಿ ಅಮಾಸಿಗೆ ಒಂದ. ಖಂಡೇ ಪೂಜಿಗೆ ಐದ. ನಮ್ಮ ಸೊಸಿ ಇದನ್ನ ಬರೇ ಮಷಿನ್ ಅಂತಾಳ. ನಾ ಲಕ್ಷ್ಮೀ ಅಂತೀನಿ.”

ಲಕ್ಷ್ಮಿ ವರ್ಷಗಟ್ಟಲೆ ಕಾಯಿಯ ನೀರು ಕುಡಿದಿದ್ದಳು. ನಾನು ಸುತ್ತಿಗೆ ಎತ್ತಿದೆ.

“ಅಯ್ಯಯ್ಯ! ಹೊಡೀಬ್ಯಾಡ! ಪೂಜಿ ಆಗೇತಿ!” ಅಂತ ಆಯಿ ಅಡ್ಡ ಬಂದಳು.

ಇಳಿಸಿದೆ. ಅವಳು ಆಚೆ ನೋಡಿದಾಗ ಮತ್ತೆ ಎತ್ತಿದೆ. ಬೆನ್ನಿಗೂ ಕಣ್ಣಿತ್ತು ಆಕೆಗೆ. “ಹೊಡದಿ ಅಂದ್ರ ಮಷಿನ್ ತಗೊಂಡು ಹೊಂಟೆ ನೋಡ!” ಅಂದಳು.

ಅವಳು ಹೊರಟರೆ ನನ್ನ ಕಥೆ ಮುಗಿಯಿತು. ಎದುರಿಗೆ ಅಣ್ಣ ಗಾಜಿಗೆ ಮೂಗು ಒತ್ತಿ ನಿಂತಿದ್ದ. ಹೊಡೆಯದೇ ತೆಗೆಯಬೇಕೆಂದರೆ ಪುಲ್ಲಿಯನ್ನು ಕಾಯಿಸಬೇಕು, ಕಾದರೆ ಅದು ಹಿಗ್ಗಿ ಸಡಿಲಾಗುತ್ತದೆ. ಆದರೆ ಬೆಂಕಿ ಹಚ್ಚುತ್ತೇನೆ ಅಂದರೆ ಆಯಿ ಬಿಡುತ್ತಾಳೆಯೇ? ಗ್ಯಾಸಿನ ಬತ್ತಿ ಹೊತ್ತಿಸಿ ಕೈಯಲ್ಲಿ ಹಿಡಿದೆ.

“ಆಯಿ, ಆರತಿ ಮಾಡ್ಲೇನು?”

“ಮಾಡವಾ ಮಗಳ! ಇದ ನೋಡ ಬುದ್ಧಿ!” ಅಂತ ಅವಳು ಸೆರಗು ತಲೆಯ ಮೇಲೆ ಹೊದ್ದುಕೊಂಡು ಕೈ ಮುಗಿದಳು. ನಾನು ಪುಲ್ಲಿಯ ಸುತ್ತ ಬತ್ತಿ ತಿರುಗಿಸಿದೆ. ಆಯಿ ಒಂದು ಹಾಡು ಹೇಳಿದಳು, ಅದು ಮುಗಿದ ಮೇಲೆ ಇನ್ನೊಂದು. ಅಷ್ಟು ಹೊತ್ತು ಒಂದೇ ಸಮ ಕಾಯಿಸುವ ತಾಳ್ಮೆ ನನಗೆ ಒಬ್ಬಳೇ ಇದ್ದಿದ್ದರೆ ಬರುತ್ತಿರಲಿಲ್ಲ. ಎರಡನೆಯ ಹಾಡಿನ ಕಡೆಯ ನುಡಿಗೆ ಪುಲ್ಲರ್ ತಿರುವಿದೆ, ಪುಲ್ಲಿ ಕಳಚಿ ಬಂತು. ಗೆದ್ದೆ ಅಂತ ನಾನು ಅಣ್ಣನ ಕಡೆ ತಿರುಗಿ ಪುಲ್ಲಿಯನ್ನು ಇಕ್ಕಳದಲ್ಲಿ ಎತ್ತಿ ತೋರಿಸಿದೆ.

ಮೋಟರ್ ಸ್ವಚ್ಛ ಮಾಡಿ, ಹೊಸ ಬೇರಿಂಗ್ ಹಾಕಿ, ಮೇಜಿನ ಮೇಲಿಟ್ಟು ಓಡಿಸಿದೆ. ಆಯಿಯ ಕಣ್ಣಲ್ಲಿ ನೀರು ಬಂತು. ನನ್ನ ಕೆನ್ನೆ ಸವರಿ ಲಟಿಕೆ ಮುರಿದಳು. ಸಾಮಾನು ಕಟ್ಟಲು ಹಗ್ಗ ತರೋಣ ಅಂತ ಒಳಗೆ ಹೋದೆ. ಹಿಂದೆ ‘ಠಪ್’ ಅಂತ ಸಪ್ಪಳ ಕೇಳಿತು.

ಓಡಿ ಬಂದೆ. ಆಯಿ ಮೋಟರಿನ ಮೇಲೆ ಒಡೆದ ಕಾಯಿ ಹಿಡಿದುಕೊಂಡು ನಿಂತಿದ್ದಳು, ನೀರು ಇನ್ನೂ ಸುರಿಯುತ್ತಿತ್ತು.

“ಹೊಸಾ ಹುಟ್ಟು ಹುಟ್ಟೈತಿ. ಬರಿಗೈಲೆ ಹೆಂಗ ಒಯ್ಯಲಿ ಮಗಳ?”

೫. ಚಾದರದ ಕೆಳಗಿನ ಮಷಿನ್

ಪಾಡ್ಯಕ್ಕೆ ಇನ್ನು ಎರಡೇ ದಿನ ಇದ್ದವು. ಮೂರು ದಿನದ ಹಿಂದೆ ಮಧ್ಯಾಹ್ನ, ಅಣ್ಣ ಪೇಟೆಗೆ ಹೋದ ಸಮಯ ನೋಡಿ, ವೈನಿ ಆಟೋದಲ್ಲಿ ಒಂದು ಮಷಿನ್ ತಂದಿದ್ದಳು. ವೈನಿ ಅಂದರೆ ಅದೇ ಅಣ್ಣನ ಹೆಂಡತಿ. ಮಷಿನ್ನಿಗೆ ಚಾದರ ಹೊದಿಸಿದ್ದಳು.

“ತಂಗೀ, ಇದ ನಮ್ಮ ಮನೀದು. ಪುಲ್ಲಿ ಹಿಡಕೊಂಡೈತಿ ಕಾಣಸ್ತೈತಿ. ಅವ್ರಿಗೆ ಮಾತ್ರ ಹೇಳಬ್ಯಾಡ. ನಿನ್ನ ಅಂಗಡಿಗೆ ಕೊಟ್ಟೀನಿ ಅಂತ ಗೊತ್ತಾದ್ರ ಮನ್ಯಾಗ ಮಹಾಭಾರತ ಆಗ್ತೈತಿ.”

“ಅಂಗಡಿ ತುಂಬ ಹೊಸಾವ ಅದಾವಲ್ಲ ವೈನಿ, ಒಂದ ಮನಿಗೆ ತರಾಕ ಏನ ಧಾಡಿ ಅವನಿಗೆ?”

“ಕೇಳಿ ಕೇಳಿ ಬಾಯಿ ಸೋತೈತವಾ,” ಅಂದಳು ವೈನಿ.

ಹೇಳೋದಿಲ್ಲ ಅಂತ ಮಾತು ಕೊಟ್ಟೆ. ಮಷಿನ್ನಿನ ಬುಡ ಕಳಚಿ ಮೋಟರ್ ತೆಗೆದೆ. ಟಬ್ಬನ್ನು ಮೇಜಿನ ಹಿಂದೆ ನೆಲಕ್ಕಿಟ್ಟು ಅದರ ಮೇಲೆ ಅದೇ ಚಾದರ ಹಾಸಿದೆ. ಮೋಟರ್ ಮಾತ್ರ ಹಟಕ್ಕೆ ಬಿತ್ತು. ಎಣ್ಣೆಗೆ ಜಗ್ಗಲಿಲ್ಲ, ಬೆಂಕಿಗೆ ಜಗ್ಗಲಿಲ್ಲ, ಸುತ್ತಿಗೆಗಂತೂ ನಕ್ಕಿತು. ಪುಲ್ಲಿಯನ್ನು ಸೀಳೋಣ ಅಂದರೆ ಅಂಥದ್ದು ಈಗ ಎಲ್ಲೂ ಸಿಗುವುದಿಲ್ಲ. ಮೂರು ದಿನ ಪುಲ್ಲರ್ ಬಿಗಿದೇ ಇಟ್ಟೆ. ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. ಇಷ್ಟು ಮಷಿನ್ ಗೆದ್ದು ಕಡೆಗೆ ಇವನ ಮನೆಯದ್ದೇ ನನ್ನನ್ನು ಸೋಲಿಸಬೇಕೇ ಅಂತ ಅಳು ಬಂತು. ಅಳಲಿಲ್ಲ, ಇನ್ನೊಮ್ಮೆ ಪಾನಾ ತಿರುವಿದೆ.

ನಾಲ್ಕನೆಯ ದಿನ ಬೆಳಿಗ್ಗೆ ಅಣ್ಣನಿಗೆ ವಾಸನೆ ಹತ್ತಿತು. ಕಾಕಾನನ್ನು ಕರೆತಂದು ಕುರ್ಚಿ ಹಾಕಿ ಕೂರಿಸಿದ. ಚಹಾದಂಗಡಿಯ ಮಂದಿಯೂ ಬಾಗಿಲಿಗೆ ಬಂದರು.

“ಮೂರ ದಿನ ಆತು ಕಾಕಾ, ಇದ ಬಿಚ್ಚವಲ್ತು. ‘ಆಗಂಗಿಲ್ಲ’ ಅಂತ ಒಂದ ಮಾತ ಅನ್ನಾಕ ಹೇಳ ಇಕೀಗೆ.”

“ಅನ್ನೂದಿಲ್ಲ.”

“ಯಾರದ ಮಷಿನ್ ಇದು? ಅವರನ್ನ ಕರಸು. ನಾನ ತಿಳಿಸಿ ಹೇಳ್ತೀನಿ, ಹೊಸಾದ ತಗೋರಿ ಅಂತ.”

“ಗಿರಾಕಿ ಹೆಸರ ಹೇಳೂದಿಲ್ಲ,” ಅಂದೆ. ನಾಲಿಗೆಯ ತುದಿಗೆ ಬಂದಿದ್ದನ್ನು ನುಂಗಿಕೊಂಡೆ.

“ಹೆಸರ ಬ್ಯಾಡ. ಗಂಡಸ ಕೈ ಹಾಕಿದ್ರೂ ಇದ ಬರಂಗಿಲ್ಲ, ಅದನ್ನ ತೋರಿಸ್ತೀನಿ. ನೋಡ ಕಾಕಾ, ಕಣ್ಣ ತುಂಬ ನೋಡು,” ಅಂತ ಅಣ್ಣ ಅಂಗಿಯ ತೋಳು ಮಡಚಿದ. ಜೀವನದಲ್ಲಿ ಮೊದಲ ಸಲ ಅವನು ಅಪ್ಪನ ಪಾನಾ ಕೈಯಲ್ಲಿ ಹಿಡಿದಿದ್ದು ಅವತ್ತೇ. ಅದಕ್ಕೆ ಉದ್ದನೆಯ ಪೈಪು ಸಿಕ್ಕಿಸಿ, ಕಾಲು ಗೋಡೆಗೆ ಕೊಟ್ಟು, ತನ್ನ ಅಷ್ಟೂ ಭಾರ ಬಿಟ್ಟು ಜಗ್ಗಿದ.

‘ಟಣ್’ ಅಂತು. ಪುಲ್ಲಿ ಚಿಮ್ಮಿ ಚಾವಣಿಗೆ ಬಡಿಯಿತು. ಅಣ್ಣ ಹಿಂದಕ್ಕೆ ಹಾರಿ ಚಾದರದ ಮೇಲೆ ಕೂತ. ಚಾದರದ ಕೆಳಗೆ ಟಬ್ ಇದ್ದದ್ದು ಅವನಿಗೇನು ಗೊತ್ತು? ಸೊಂಟದ ತನಕ ಒಳಗೆ ಇಳಿದ. ಕಾಲು ಎರಡೂ ಮೇಲೆ, ಕೈ ಎರಡೂ ಹೊರಗೆ, ಉಳಿದದ್ದೆಲ್ಲ ಟಬ್ಬಿನಲ್ಲಿ ಬಿಗಿಯಾಗಿ ಹಿಡಿದುಕೊಂಡಿತು. ಇಬ್ಬರು ಕೈ ಹಿಡಿದು ಎಳೆದರು, ಟಬ್ಬೂ ಅವನ ಜೊತೆಗೇ ಬಂತು.

ಕಾಕಾ ಕುರ್ಚಿಯಿಂದ ಏಳದೇ ಹೇಳಿದ, “ತಂಗೀ, ಇವನಿಗೂ ಆ ಪುಲ್ಲರ್ ಹಾಕು.”

ಇಡೀ ಓಣಿ ನಕ್ಕಿತು. ಅಣ್ಣನಿಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಅವನು ತನ್ನ ಮೈಗೆ ಸುತ್ತಿಕೊಂಡ ಚಾದರವನ್ನೇ ನೋಡುತ್ತಿದ್ದ.

“ಈ ಚಾದರ... ನಮ್ಮ ಮನೀದಿದ್ದಂಗ ಐತಿ.”

ಅದೇ ಹೊತ್ತಿಗೆ ವೈನಿ ಮಂದಿಯನ್ನು ಸರಿಸಿಕೊಂಡು ಅವಸರದಿಂದ ಒಳಗೆ ಬಂದಳು. ಮೇಜಿನ ಹಿಂದೆ ನೆಲದಲ್ಲಿದ್ದ ಗಂಡ ಆಕೆಗೆ ಕಾಣಲಿಲ್ಲ. “ತಂಗೀ, ನಮ್ಮ ಮಷಿನ್ ಆತೇನವಾ? ಲಗೂನ ಕೊಡು. ಅವ್ರು ಎಲ್ಲೋ ಹೋಗ್ಯಾರ, ಬರೂದ್ರಾಗ ಒಯ್ದು ಇಟ್ಟುಬಿಡ್ತೀನಿ.”

“ಎಲ್ಲೂ ಹೋಗಿಲ್ಲ. ಇದರಾಗ ಅದೀನಿ,” ಅಂತ ಕೆಳಗಿನಿಂದ ದನಿ ಬಂತು.

ವೈನಿ ಬಗ್ಗಿ ನೋಡಿದಳು. ಒಂದು ಕ್ಷಣ ಹೆದರಿದಳು. ಆಮೇಲೆ ಗಂಡ ಏಳಲಾರ ಅನ್ನುವುದು ಆಕೆಗೆ ತಿಳಿಯಿತು. ಎಷ್ಟೋ ವರ್ಷದಿಂದ ಇಂಥ ಗಳಿಗೆಗೇ ಕಾದಿದ್ದಳೇನೋ, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಚಲೋ ಆತು! ಈಗ ಹೇಳ್ರಿ, ಊರ ಮಂದಿಗೆಲ್ಲ ಹಳೇದ ಒಗೀರಿ, ಹೊಸಾದ ತಗೋರಿ ಅಂತೀರಿ. ನನಗ್ಯಾಕ ಹೊಸಾದ ತರವಲ್ರಿ?”

ಅಣ್ಣ ಕಾಕಾನ ಮುಖ ನೋಡಿದ. ಕಾಕಾ ಚಾವಣಿ ನೋಡಿದ. ಅಣ್ಣ ನನ್ನ ಮುಖ ನೋಡಿದ. ಅವನ ಅಂಗಡಿಗೆ ಹೊಸ ಮಷಿನ್ ನೋಡಲು ಬಂದಿದ್ದ ಗಂಡ ಹೆಂಡತಿ, ಅಲ್ಲಿ ಯಾರೂ ಇಲ್ಲದ್ದಕ್ಕೆ, ಗದ್ದಲ ಕೇಳಿ ನಮ್ಮ ಬಾಗಿಲಿಗೇ ಬಂದು ನಿಂತಿದ್ದರು. ಅವರು ಅಣ್ಣನ ಕಣ್ಣಿಗೆ ಬೀಳಲಿಲ್ಲ.

“ತಂಗೀ,” ಅಂದ ಅಣ್ಣ, ಟಬ್ಬಿನಿಂದಲೇ, ಎಲ್ಲರಿಗೂ ಕೇಳುವ ಹಾಗೆ. “ನಿನ್ನ ಅಂಗಡಿ ನೀನ ಇಟ್ಕೊ, ಕೀಲಿನೂ ನೀನ ಇಟ್ಕೊ. ಇದನ್ನ ಮಾತ್ರ ಗಟ್ಟಿ ಮಾಡಿ ಕೊಡು. ನಿಮ್ಮ ವೈನಿಗೆ ತಿಳಿಸಿ ಹೇಳು, ಈಗಿನ ಹೊಸಾವು ಎಲ್ಲಿ ಬಾಳಿಕಿ ಬರ್ತಾವ?”

ಬಾಗಿಲಲ್ಲಿದ್ದ ಹೆಂಗಸು ಗಂಡನನ್ನು ಮೊಣಕೈಯಿಂದ ತಿವಿದು ಮುಂದೆ ಬಂದಳು.

“ಅಕ್ಕಾರ, ನಮ್ಮ ಹಳೇದು ಮನ್ಯಾಗ ಐತ್ರಿ. ಹೊತ್ತಗೊಂಡ ಬರ್ಲೇನ್ರಿ?”